ಕರ್ಣನ ಕವಚದ ಒಳಮಗ್ಗುಲು

ಕೊರಟಗೆರೆಯ ರಾಮಾಂಜಿನಮ್ಮ ನಾಟಕದ ಡ್ರೆಸ್ ಹೊಲಿಯುತ್ತಿದ್ದಳು. ಎಂಥ ಡ್ರೆಸ್ಸು ಅಂತೀರಿ! ಎಪ್ಪತ್ತರ ದಶಕದಲ್ಲಿ ಸಿರಾದಿಂದ ಪಾವಗಡದವರೆಗೆ ಯಾವ ಊರಲ್ಲಿ ಬಣ್ಣ ಹಚ್ಚಿದರೂ ಅವಳ ಟ್ರಂಕು ಹೋಗಲೇಬೇಕಿತ್ತು. ಆದರೆ ಅವಳಿಗೊಂದು ಹುಚ್ಚು. ದುರ್ಯೋಧನನ ಚಲ್ಲಣದೊಳಗೆ, ಸರಿಯಾಗಿ ತೊಡೆಯ ಮೇಲೆ, ಒಂದು ಕೆಂಪು ತೇಪೆ ಹಾಕುವಳು. ಭೀಮನ ಗದೆ ಬೀಳುವ ಜಾಗ ಅದು. ಹೊರಗಿನಿಂದ ಯಾರಿಗೂ ಕಾಣದು.

"ಕಾಣ್ದಿರೋ ಕಡೆ ಯಾಕಮ್ಮ ನೂಲು ದಂಡ ಮಾಡ್ತೀಯಾ?" ಎಂದು ನಾಟಕದ ಮೇಷ್ಟ್ರು ವೀರಭದ್ರಯ್ಯ ರೇಗಿಸುತ್ತಿದ್ದರು.

"ನೋಡೋರಿಗಲ್ಲ ಸ್ವಾಮಿ, ಹಾಕ್ಕಳೋನಿಗೆ," ಎನ್ನುವಳು. ಜಂಬ ನೋಡಿ! ಆದರೆ ಆ ಜಂಬ ಅವಳಿಗೆ ಒಪ್ಪುತ್ತಿತ್ತು.

ಒಂದು ವರ್ಷ ಕರ್ಣನ ಪಾತ್ರಕ್ಕೆ ಕುರಿ ಕಾಯುವ ಜುಂಜಪ್ಪ ಸಿಕ್ಕ. ಕಂಚಿನ ಕಂಠ. ಆದರೆ ತಾಲೀಮಿನಲ್ಲಿ ಇಂದ್ರ ಬಂದು ಬೇಡಿದಾಗ, ಹುಟ್ಟಿನಿಂದ ಮೈಗಂಟಿದ ಕವಚವನ್ನು ಬೀಡಿ ಕೊಟ್ಟ ಹಾಗೆ ಕೊಟ್ಟುಬಿಡುವನು.

"ಲೇ, ಮೈಚರ್ಮ ಕಿತ್ತು ಕೊಡ್ತಿದ್ದೀಯ ಕಣ್ಲಾ! ನಾಟಕದ ದಿನಾನೂ ಇಂಗೇ ಮಾಡುದ್ರೆ ಇದೇ ನಿನ್ ಕೊನೇ ಪಾರ್ಟು," ಎಂದು ಮೇಷ್ಟ್ರು ಗುಡುಗಿದರು. ಜುಂಜಪ್ಪನ ಮುಖ ಸಣ್ಣಗಾಯಿತು.

ರಾಮಾಂಜಿನಮ್ಮ ಅದನ್ನು ನೋಡಿದಳು. ತೂತಿಗೆ ತೇಪೆ ಹಾಕಿಕೊಡು ಎಂದು ಜುಂಜಪ್ಪ ಕೊಟ್ಟಿದ್ದ ಹಳೇ ಕಂಬಳಿ ಅವಳ ಬಳಿಯೇ ಇತ್ತು. ಸತ್ತುಹೋದ ಅವನ ಅವ್ವ ನೂತಿದ್ದ ಉಣ್ಣೆ. "ಒಂದೆಳೆನೂ ಬಿಸಾಡಬ್ಯಾಡಕ್ಕ" ಎಂದು ಹೇಳಿ ಹೋಗಿದ್ದ. ಆದರೂ ಅವಳು ಅಂಚಿನಿಂದ ಅಂಗೈಯಗಲ ಕತ್ತರಿಸಿ, ಬೇಗಡೆ ಹಚ್ಚಿದ ರಟ್ಟಿನ ಕವಚದ ಒಳಗೆ, ಎದೆಯ ನೇರಕ್ಕೆ, ಹೊಲಿದಳು. ಕೇಳದೆ ಕತ್ತರಿ ಹಾಕಿದ್ದಕ್ಕೆ ಅವನು ಸಿಟ್ಟಾದರೆ? ಆಗಿದ್ದಾಗಲಿ ಎಂದುಕೊಂಡಳು.

ನಾಟಕದ ದಿನ ಇಂದ್ರ ಕೈಯೊಡ್ಡಿದ. ಜುಂಜಪ್ಪ ಕವಚ ಬಿಚ್ಚಿ ತಿರುಗಿಸಿದ. ಕರಿ ಉಣ್ಣೆ, ಬಿಳಿ ಅಂಚು. ನಿಂತುಬಿಟ್ಟ. ಹಾರ್ಮೋನಿಯಂ ಒಂದೇ ಸ್ವರವನ್ನು ಎಳೆಯುತ್ತಿತ್ತು. ಪರದೆಯ ಮರೆಯಿಂದ ರಾಮಾಂಜಿನಮ್ಮ ಇಣುಕಿ ನೋಡುತ್ತಿದ್ದಳು. ಅವನು ಕವಚವನ್ನು ಎದೆಗೊತ್ತಿಕೊಂಡ, ಮೂಸಿದ, ಕೊಡಲಾರದೆ ಕೈ ಹಿಂದಕ್ಕೆಳೆದುಕೊಂಡ. ಕೊನೆಗೆ ಕೊಟ್ಟ. ಅಬ್ಬಾ, ಜನ ಗೊಳೋ ಎಂದು ಅತ್ತರು! ಮೇಷ್ಟ್ರು ಹೆಗಲ ಟವೆಲ್ಲಿನಲ್ಲಿ ಮೂಗೊರೆಸಿಕೊಂಡರು.

ಬಣ್ಣ ಕೂಡ ಅಳಿಸದೆ ಜುಂಜಪ್ಪ ಅವಳೆದುರು ಬಂದು ನಿಂತ. ರಾಮಾಂಜಿನಮ್ಮ ಕತ್ತರಿ ಕೈಗೆತ್ತಿಕೊಂಡಳು. "ತಪ್ಪಾಯ್ತಪ್ಪ. ಈಗ್ಲೇ ಬಿಚ್ಚಿ ಕಂಬ್ಳಿಗೇ ಹೊಲ್ದು ಕೊಡ್ತೀನಿ."

ಅವನು ಅವಳ ಕೈ ಹಿಡಿದುಕೊಂಡ. "ಬುಡಕ್ಕ. ಕೊಟ್ಟಾಯ್ತಲ್ಲ. ವಾಪಸ್ ಈಸ್ಕೊಂಡ್ರೆ ನಾನೆಂಥ ಕರ್ಣ?"