ರಸೂಲಬಿ ಇಟ್ಟ ಹೆಸರುಗಳು

"ಹಸಿರು ಏಡಿ ಐತಲ್ಲಾ, ಹಲಗಿ ಅಂಚು ಬಂದರೂ ನಿಲ್ಲೂದಿಲ್ಲ, ಧಡಕ್ಕನ ಬೀಳತೈತಿ. ಅದು ಹೊಸಾ ಅಳಿಯ. ಕೆಂಪು ಏಡಿ ಅಂಚಿನ ತನಕಾ ಬಂದು ಮುಖಾ ತಿರಿವಿ ಹೊಳ್ಳತೈತಿ. ಅದು ಸಿಟ್ಟಾದ ಬೀಗ. ರೆಕ್ಕಿ ಇದ್ದದ್ದು ನಮ್ಮ ನಾದಿನಿ, ನೆಲಕ್ಕ ಕಾಲ ಊರಂಗಿಲ್ಲ. ಮೊದಲ ನಡಿಗಿ ನೋಡ್ರಿ, ಆಮ್ಯಾಲ ಹೆಸರಿಡ್ರಿ!" ಗೋಪನಕೊಪ್ಪದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಟಿ.ವಿ.ಗೆ ವಿಡಿಯೋ ಗೇಮ್ ಹಚ್ಚಿ ಅಂಗಡಿ ನಡೆಸುವ ರಸೂಲಬಿ ಪರದೆಯ ಏಡಿಗಳನ್ನು ನೋಡಿ ಹೀಗೆ ಹೇಳಿದಳೆಂದರೆ ಮುಗಿಯಿತು, ಮರುದಿನ ಆಚೆಯ ಉಣಕಲ್ಲಿನಿಂದ ಆಡಲು ಬರುವವರ ಬಾಯಲ್ಲೂ ಅದೇ ಹೆಸರು. ಅವಳಿಗೆ ಓದು ಬಾರದು, ಒಂದು ಸಲವೂ ಗುಂಡಿ ಒತ್ತಿದವಳಲ್ಲ. ಆದರೂ ಆಟದ ಕ್ಯಾಸೆಟ್ ಡಬ್ಬಿಯ ಮೇಲೆ ಅಚ್ಚಾದ ಹೆಸರನ್ನು ಕೇಳುವವರೇ ಇಲ್ಲ. ಹೊಸ ಕ್ಯಾಸೆಟ್ ಬಂದ ದಿನ ಪರದೆಯ ಮೇಲೆ ಕಪ್ಪು ಏಡಿಯೊಂದು ಕಾಣಿಸಿತು. "ಇದಕ್ಕ ಕರಿಯಾ ಅಂತ ಇಟ್ಟಬಿಡ್ರಿ, ಆಪಾ," ಎಂದ, ಸಾಲಿ ಮಕ್ಕಳ ರಿಕ್ಷಾ ಓಡಿಸುತ್ತ, ಸಾಲಿ ಬಿಡುವ ತನಕ ಇಲ್ಲಿ ಆಡಲು ಬರುವ ಉಳವಪ್ಪ. ಯಾವಾಗಲೂ ನಗುವ ರಸೂಲಬಿ ನಗಲಿಲ್ಲ. "ಈ ಮನಿಗೆ ಸೊಸಿಯಾಗಿ ಬಂದಾಗ ನನಗೂ ಒಂದು ವರ್ಷ ಕರೀಬಿ ಅಂತಿದ್ರು, ತಮ್ಮಾ. ನನ್ನ ಹೆಸರು ಯಾರೂ ಕೇಳಲಿಲ್ಲ. ನೀ ಆಡು, ನೋಡೂಣು." ಉಳವಪ್ಪ ಏಳು ಸಲ ಸತ್ತ. ಎಂಟನೆಯ ಸಲ ಇಬ್ಬರೂ ಅದರ ನಡಿಗೆ ಕಂಡರು: ಕಪ್ಪು ಏಡಿ ಹಲಗೆಯ ತುದಿಯಲ್ಲಿ ನಿಂತು, ಎದುರು ಬಂದ ಮರಿ ಏಡಿಗಳಿಗೆಲ್ಲ ದಾರಿ ಬಿಟ್ಟು, ಕಡೆಗೆ ತಾನು ನಡೆಯಿತು. "ಹಿರೇಸೊಸಿ! ಖರೇ ಹಿರೇಸೊಸಿ!" ಎಂದು ರಸೂಲಬಿ ಕೈ ಹೊಡೆದು ನಕ್ಕಳು. "ಹಂಗಾರ ತಪ್ಪಾತ್ರಿ, ಸೊಸಿಯಾರ," ಎಂದ ಉಳವಪ್ಪ, ಅದರ ತಲೆ ತುಳಿದು ಕೊಲ್ಲದೆ ದಾಟಿ ಹಾರಿದ. ಒಳಗೆ ಹಂಚು ಕಾದಿತ್ತು. ರಸೂಲಬಿ ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು.