ಗೋಡೆಗೂ ನೆಲಕ್ಕೂ ನಡುವೆ ಒಂದು ಬೆರಳು

ಬೇಯಿಸಿದ ಹಲಸಿನ ತೊಳೆಯನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ ಮಾಡಿದ ಹಪ್ಪಳದ ರುಚಿ, ಯಂತ್ರದಲ್ಲಿ ಅರೆದದ್ದಕ್ಕೆ ಬರುವುದಿಲ್ಲ ಎಂಬುದನ್ನು ನಮ್ಮ ಪುತ್ತೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಆ ಒರಳು ನಿಮ್ಮ ತಲೆಯ ಮೇಲಿನ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಬೇಕು. ಸುಳ್ಯದ ಟೈಲ್ಸ್ ಅಂಗಡಿಯೊಂದರಲ್ಲಿ ಪೆಟ್ಟಿಗೆ ಎತ್ತಿಡುತ್ತಾ ವ್ಯಾಪಾರ ಕಲಿತು, ಮಾತಿನ ಬಲದಲ್ಲೇ ಮೇಲೆ ಬಂದು, ನರಿಮೊಗರಿನ ದಾರಿಯಲ್ಲಿ ಎರಡಂತಸ್ತಿನ ಕಟ್ಟಡ ಎಬ್ಬಿಸಿದ ಹೆಂಗಸು ನಾನು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ಸದ್ದಿನ ಜೊತೆ ಚೌಕಾಶಿ ನಡೆಯುವುದಿಲ್ಲ.

ಮೇಲಿನ ಮನೆಯನ್ನು ಆಲಂಕಾರಿನ ಸುಶೀಲಕ್ಕ ಕೊಳ್ಳಲು ಒಪ್ಪಿಕೊಂಡರು. ಹಪ್ಪಳವೇ ಅವರ ಅನ್ನ. ಕೆಳಗಿನದನ್ನು ಕೇಳಿ ಬಂದವಳು ರಮ್ಯ, ರಾತ್ರಿ ಪಾಳಿಯ ನರ್ಸು. ಹಗಲೇ ಅವಳಿಗೆ ಇರುಳು. ಹಳೆಯ ಬಾಡಿಗೆ ಮನೆಯಲ್ಲಿ ನಿದ್ದೆಗೆಟ್ಟು, ಕೆಲಸದಲ್ಲಿ ತಪ್ಪಾಗಲು ಶುರುವಾಗಿತ್ತಂತೆ.

"ಅಕ್ಕಾ, ಮನೆ ಚಂದ ಉಂಟು. ಆದ್ರೆ ನಂಗೆ ಬೇಕಾದ್ದು ನಿದ್ದೆ. ಅದು ಇಲ್ಲಿ ಸಿಗ್ತದಾ?"

"ಸಿಗ್ತದೆ" ಎಂದುಬಿಟ್ಟೆ. ಒಬ್ಬರ ಒನಕೆಗೂ ಇನ್ನೊಬ್ಬಳ ನಿದ್ದೆಗೂ ಒಂದೇ ನಾಲಗೆಯಲ್ಲಿ ಮಾತು ಕೊಟ್ಟಿದ್ದೆ.

ಉಪಾಯ ನನಗೆ ಗೊತ್ತಿತ್ತು. ಸ್ಲ್ಯಾಬಿನ ಮೇಲೆ ರಬ್ಬರಿನ ಹಾಳೆ, ಅದರ ಮೇಲೆ ಸಿಮೆಂಟು ಮರಳಿನ ದಪ್ಪ ಹಾಸು, ಆಮೇಲೆ ಟೈಲ್ಸು. ಈ ಹಾಸು ನೀರಿನ ಮೇಲಿನ ದೋಣಿಯಂತೆ ತೇಲಬೇಕು. ಗೋಡೆಯನ್ನು ಎಲ್ಲಿಯೂ ಮುಟ್ಟಬಾರದು. ಸುತ್ತಲೂ ಒಂದು ಬೆರಳಿನ ಸಂದು ಬಿಟ್ಟು, ಅದರಲ್ಲಿ ಮೆತ್ತನೆಯ ಫೋಮಿನ ಪಟ್ಟಿ ನಿಲ್ಲಿಸಲು ನಮ್ಮ ಮೇಸ್ತ್ರಿ ಬಾಬಣ್ಣನಿಗೆ ಮೂರು ಸಲ ಹೇಳಿದ್ದೆ.

ಎಲ್ಲ ಒಣಗಿದ ಮೇಲೆ ಒಂದು ಬೆಳಿಗ್ಗೆ ಸುಶೀಲಕ್ಕನಿಂದ ಮೇಲೆ ಕುಟ್ಟಿಸಿ, ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿದೆ. ಧಿಂ, ಧಿಂ! ಸದ್ದು ಗೋಡೆ ಹಿಡಿದು ಇಳಿದು ನನ್ನ ಹಲ್ಲಿನವರೆಗೆ ಬಂತು. ಮೇಲೆ ಹತ್ತಿ ನೋಡಿದರೆ, ಸಂದಿನ ಫೋಮು ಕಿತ್ತು ಸಿಮೆಂಟು ತುಂಬಿ ಕನ್ನಡಿಯಂತೆ ನಯ ಮಾಡಿದ್ದಾರೆ.

"ಬಾಬಣ್ಣ, ಸಂದು ಎಲ್ಲಿ?"

"ಮುಚ್ಚಿದೆ ಅಕ್ಕ. ಮೂವತ್ತು ವರ್ಷದಲ್ಲಿ ನಾನು ಸಂದು ಬಿಟ್ಟದ್ದುಂಟಾ? ಇದೆಂತ ಬಾಬಣ್ಣನ ಕೆಲಸವಾ ಅಂತ ಜನ ನೆಗಾಡುದು ಬೇಡ."

ಅಂಟಿಸಿ ಬೆಸೆಯುವುದೇ ಒಳ್ಳೆಯ ಕೆಲಸವೆಂದು ಬದುಕಿಡೀ ನಂಬಿದ ಕೈ ಅದು. ನಾವೆಲ್ಲ ನೆಂಟಸ್ತಿಕೆಯಲ್ಲಿ, ನೆರೆಹೊರೆಯಲ್ಲಿ ನಂಬಿರುವುದೂ ಅದನ್ನೇ ಅಲ್ಲವೇ? ಒಂದು ಬೆರಳು ದೂರ ನಿಂತವರೇ ಕೆಲವೊಮ್ಮೆ ಹೆಚ್ಚು ಕಾಲ ಜೊತೆಗಿರುತ್ತಾರೆಂಬುದು ನನಗೂ ತಡವಾಗಿಯೇ ತಿಳಿದದ್ದು.

"ನೀವೊಮ್ಮೆ ಕೆಳಗೆ ಮಲಗಿ ಮಾರಾಯ್ರೆ."

"ಎಂತ, ಕೆಲಸದ ಹೊತ್ತಿಗೆ ಮಲಗುದಾ?"

ಆದರೂ ಹೆಗಲ ಮೇಲಿನ ಬೈರಾಸು ಮಡಿಸಿ ತಲೆಯಡಿಗಿಟ್ಟು ಮಲಗಿದರು. ಮೇಲಿನಿಂದ ಸುಶೀಲಕ್ಕ ಕೂಗಿದರು: "ಸಾಕಾ? ಇನ್ನೂ ಕುಟ್ಟಿದ್ರೆ ಇದು ಪಾಯಸ ಆಗ್ತದೆ!" ಬಾಬಣ್ಣ ಎದ್ದು ಕೂತರು. "ಇಲ್ಲಿ ನಾಯಿಗೂ ನಿದ್ದೆ ಬರ್ಲಿಕ್ಕಿಲ್ಲ" ಎಂದವರೇ ಕಟ್ಟರ್ ತರಲು ತಾವಾಗಿ ಹೊರಟರು. ತಾವೇ ತುಂಬಿದ್ದನ್ನು ಎರಡು ದಿನ ಕೊಯ್ದು, ಪಟ್ಟಿ ನಿಲ್ಲಿಸಿದರು. ಗೋಡೆಯ ಬುಡಕ್ಕೆ ಅಂಟಿಸುವ ಟೈಲ್ಸಿನ ಪಟ್ಟಿ, ಸ್ಕರ್ಟಿಂಗನ್ನು, ನೆಲಕ್ಕೆ ತಾಗದಂತೆ ಕೂದಲೆಳೆಯಷ್ಟು ಮೇಲೆ ಕೂರಿಸಿದರು.

ಸದ್ದು ಪೂರ್ತಿ ಸತ್ತಿತೆಂದರೆ ವ್ಯಾಪಾರದ ಮಾತಾದೀತು. ದೂರದ ಬೈಲಿನಲ್ಲಿ ಯಾರೋ ಕುಟ್ಟಿದಂತೆ ಉಳಿಯಿತು, ಅಷ್ಟೇ. ಮನೆ ಕೊಳ್ಳುವ ಸ್ನೇಹಿತರೇ, ನನ್ನ ಮಾತು ಕೇಳಿ: ಟೈಲ್ಸಿನ ಬಣ್ಣ ಆಮೇಲೆ ನೋಡಿ, ಮೊದಲು ಮೇಲೆ ಒಬ್ಬರನ್ನು ಕುಣಿಸಿ, ಕೆಳಗೆ ನೀವು ಮಲಗಿ.

ರಮ್ಯ ಹಾಗೆಯೇ ಮಾಡಿದಳು. ಪಾಳಿ ಮುಗಿಸಿ ನೇರ ಬಂದು, ಯೂನಿಫಾರ್ಮಿನಲ್ಲೇ ಚಾಪೆಗೆ ಒರಗಿ, "ಕುಟ್ಲಿಕ್ಕೆ ಹೇಳಿ" ಎಂದಳು. ಮೇಲೆ ಒನಕೆ ಬಿತ್ತು. ನಾನೂ ಬಾಬಣ್ಣನೂ ಬಾಗಿಲಲ್ಲಿ ಉಸಿರು ಹಿಡಿದು ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಅವಳ ಬಾಯಿ ತುಸು ತೆರೆಯಿತು, ಕೈ ಸಡಿಲವಾಗಿ ಚಾಪೆಯಿಂದ ಹೊರಗೆ ಜಾರಿತು.

ತಾಳ್ಮೆಗೆಟ್ಟ ಸುಶೀಲಕ್ಕ ಒನಕೆ ಹಿಡಿದೇ ಇಳಿದು ಬಂದರು. "ಹೇಗಾಯ್ತು? ನಿದ್ದೆ ಬಂತಾ ಅವಳಿಗೆ?"

ಬಾಬಣ್ಣ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರು: "ಮೆಲ್ಲ ಮಾರಾಯ್ತಿ! ನನ್ನ ನೆಲದಿಂದ ಅವಳಿಗೆ ಎಚ್ಚರ ಆಗುದಿಲ್ಲ, ನಿಮ್ಮ ಬಾಯಿಂದ ಆಗುದು."