ಇಂಡಿಯಲ್ಲೊಂದು ಮೆತ್ತನೆಯ ಹವಳ

ಒಂದು ಮನೆಯಲ್ಲಿ ಯಾರ ಮಾತಿಗೆ ಎಷ್ಟು ತೂಕವೆಂದು ತಿಳಿಯಬೇಕಾದರೆ, ಬೇಸಿಗೆಯಲ್ಲಿ ಆ ಮನೆಯ ತಂಪು ಮೂಲೆ ಯಾರ ಪಾಲಿಗೆ ಬಂದಿದೆ ಎಂದು ನೋಡಿದರೆ ಸಾಕು. ಇಂಡಿಯ ನಮ್ಮ ಮನೆಯಲ್ಲಿ ಅದು ಪಡಸಾಲೆಯ ಒಳಮೂಲೆ. ತಂದೆಯವರು ಇರುವ ತನಕ ಅವರ ಆರಾಮಕುರ್ಚಿ ಅಲ್ಲಿತ್ತು. ಅವರ ನಂತರ, ವಕೀಲಿ ಸನದು ಪಡೆದ ಏಕೈಕ ಪುತ್ರನಾದ ನನಗೆ ಆ ಸ್ಥಾನ ನ್ಯಾಯವಾಗಿ ಪ್ರಾಪ್ತವಾಗಬೇಕಿತ್ತು. ಪ್ರಾಪ್ತವಾದದ್ದು ಒಂದು ಗಾಜಿನ ಭರಣಿಗೆ.

ಅದರಲ್ಲಿ ಉಪ್ಪಿನಕಾಯಿ ಇದ್ದಿದ್ದರೆ ಸಹಿಸುತ್ತಿದ್ದೆ, ಓದುಗ ಮಿತ್ರರೇ. ಇದ್ದದ್ದು ಬರೀ ಉಪ್ಪುನೀರು, ಮತ್ತು ಮುಷ್ಟಿಯಷ್ಟು ಕಲ್ಲಿಗೆ ಅಂಟಿಕೊಂಡ ಒಂದು ಜೀವ.

ನನ್ನ ಹೆಂಡತಿ ಗಿರಿಜೆಯ ಹಿರಿಯರು ಬಸವನ ಬಾಗೇವಾಡಿ ಕಡೆಯವರು. ತಂದೆ ನೌಕರಿಗೆಂದು ಕಾರವಾರಕ್ಕೆ ಹೋಗಿ ಅಲ್ಲೇ ನೆಲೆಸಿದ್ದರಿಂದ ಅವಳು ಬೆಳೆದದ್ದು ಕಡಲ ದಂಡೆಯಲ್ಲಿ. ನಮ್ಮ ಎರೆನೆಲದ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳು ದೂರಿದವಳಲ್ಲ, ಹಾಗೆಂದು ನಕ್ಕವಳೂ ಅಲ್ಲ. ಇದನ್ನು ಗಮನಿಸಿದ ಅವಳ ಅಣ್ಣ, ಐವತ್ತರ ದಶಕ ಮುಗಿಯುತ್ತಿದ್ದ ಒಂದು ಚಳಿಗಾಲದಲ್ಲಿ, ತಂಗಿಯ ಮನಸ್ಸಿಗೆ ಹಿತವಾಗಲೆಂದು ಈ ಪ್ರಾಣಿಯನ್ನು ತಂದುಕೊಟ್ಟ. ಹವಳದ ಕುಲದ್ದೇ, ಆದರೆ ಮೈಯಲ್ಲಿ ಕಲ್ಲಿಲ್ಲ, ಮೆತ್ತಗೆ, ಎಂದು ವಿವರಿಸಿದ. ಜತೆಗೆ ಎರಡು ದೊಡ್ಡ ಸೀಸೆ ಸಮುದ್ರದ ನೀರು. ಪಾನನಿಷೇಧದ ದಿನಗಳವು, ದಾರಿಯಲ್ಲಿ ಪೊಲೀಸನೊಬ್ಬ ಸೀಸೆಯ ಬಿರಡೆ ತೆಗೆದು ರುಚಿ ನೋಡಿ, ಉಗುಳಿ, ಇದನ್ನು ಕುಡಿಯುವವನಿಗೆ ಬೇರೆ ಶಿಕ್ಷೆ ಬೇಕಿಲ್ಲವೆಂದು ಬಿಟ್ಟು ಕಳಿಸಿದ್ದನಂತೆ.

ಅಂದಿನಿಂದ ನನ್ನ ಸಂಸಾರ ಜಲಸಂಕಟಕ್ಕೆ ಸಿಕ್ಕಿತು. ಭರಣಿಯ ನೀರು ಬಿಸಿಲಿಗೆ ಆವಿಯಾದಷ್ಟೂ ಉಪ್ಪು ಗಟ್ಟಿಯಾಗುತ್ತದೆ, ಆದ್ದರಿಂದ ದಿನಾಲು ಸಿಹಿನೀರು ಹಾಕಿ ಸರಿದೂಗಿಸಬೇಕು. ಸಿಹಿನೀರಿನ ಬಾವಿಯೋ ಊರಾಚೆ. ನಮ್ಮ ಹಿತ್ತಲ ಬಾವಿಯ ನೀರು ಸವಳು. ಉಪ್ಪಿನ ಜೀವಕ್ಕೆ ಉಪ್ಪಿನ ಬಾವಿಯೇ ಸಾಕಲ್ಲವೇ ಎಂದು ನಾನು ವಾದ ಮಂಡಿಸಿದೆ. ಗಿರಿಜೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಸವಳು ಬ್ಯಾರೆ, ಸಮುದ್ರ ಬ್ಯಾರೆರಿ."

ನೀರಿಗೆ ಗಾಳಿ ಸೇರಲೆಂದು ತೆಂಗಿನ ಚಿಪ್ಪಿನ ಸೌಟಿನಿಂದ ಎತ್ತಿ ಎತ್ತಿ ಹೊಯ್ಯಬೇಕು. ಭರಣಿಗೆ ಒದ್ದೆ ಬಟ್ಟೆ ಸುತ್ತಬೇಕು. ಇಷ್ಟೆಲ್ಲ ಸೇವೆಗೆ ಪ್ರತಿಫಲವಾಗಿ ಆ ಮಹಾಶಯ ಮನಸ್ಸು ಬಂದರೆ ನಸುಗೆಂಪು ಎಸಳುಗಳನ್ನು ಬಿಚ್ಚುವುದು, ಬಾರದಿದ್ದರೆ ಅಂಗಿಯ ಗುಂಡಿಯಂತೆ ಮುಚ್ಚಿಕೊಂಡು ಕೂರುವುದು. ಹೊರ್ತಿಯಿಂದ ಬಂದ ಕಕ್ಷಿದಾರನೊಬ್ಬ ಅದನ್ನು ಬಹಳ ಹೊತ್ತು ನೋಡಿ, ಇದು ಗಿಡವೋ ಪ್ರಾಣಿಯೋ ಎಂದು ಕೇಳಿದ. ಜೀವವಿದ್ದೂ ಜಾಗ ಬಿಡದ ಇದು ಚರಾಸ್ತಿಯೋ ಸ್ಥಿರಾಸ್ತಿಯೋ ಎಂಬುದೇ ನನಗಿನ್ನೂ ಬಗೆಹರಿದಿರಲಿಲ್ಲ.

ನಿಜವಾದ ಪೇಚು ಅದರ ಊಟದ್ದು. ನಮ್ಮದು ಲಿಂಗಪೂಜೆಯ ಮನೆ, ಅದಕ್ಕೆ ಬೇಕಾದದ್ದು ಮಾಂಸ. ಪಕ್ಕದ ಮನೆಯ ಮಕ್ಬೂಲ್ ಸಾಹೇಬರು ಅರಿವೆ ವ್ಯಾಪಾರಿಗಳು, ನಮ್ಮ ಅಜ್ಜಂದಿರ ಕಾಲದಿಂದ ಗೋಡೆಗೆ ಗೋಡೆ ಹಂಚಿಕೊಂಡವರು. ತಮ್ಮಲ್ಲಿ ಮಾಂಸದ ಅಡುಗೆಯಾದ ದಿನ ಉಗುರಿನಷ್ಟು ಹಸಿ ಚೂರನ್ನು ಎಲೆಯಲ್ಲಿ ಸುತ್ತಿ ಗೋಡೆಯ ಮೇಲಿಂದ ಕೊಡುತ್ತಿದ್ದರು. ನಾನು ಅದನ್ನು ಕದ್ದ ಮಾಲಿನಂತೆ ಪಡಸಾಲೆಗೆ ತರುವಾಗ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ತಾನು ಬದುಕಿರುವ ತನಕ ಆ ಭರಣಿಯನ್ನು ಮುಟ್ಟುವುದಿಲ್ಲವೆಂದು ಅವಳು ಮೊದಲ ದಿನವೇ ಸಾರಿದ್ದಳು. ಸೊಸೆಯ ಜೊತೆಗೂ ಅವಳದು ಕೆಲಸಕ್ಕೆಷ್ಟು ಬೇಕೋ ಅಷ್ಟೇ ಮಾತು.

ಬೇಸಿಗೆ ಕಾಲಿಡುವಾಗ ಗಿರಿಜೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಹೊರಡುವಾಗ ನನ್ನ ಆರೋಗ್ಯದ ಬಗ್ಗೆ ಒಂದು ಮಾತು, ಭರಣಿಯ ಬಗ್ಗೆ ಹನ್ನೊಂದು ಮಾತು ಹೇಳಿದಳು. ಕೆಲ ವಾರ ಹೇಗೋ ನಡೆಯಿತು. ಅಷ್ಟರಲ್ಲಿ ಒಂದು ದಾವೆಯ ನಿಮಿತ್ತ ನಾನು ಕೆಲವು ದಿನ ಬಿಜಾಪುರದಲ್ಲಿ ಉಳಿಯಬೇಕಾಯಿತು. ಭರಣಿಯ ಪಾಡು ಶಿವನಿಗೆ ಬಿಟ್ಟದ್ದು ಎಂದುಕೊಂಡೇ ಹೋದೆ. ಹೆಂಡತಿಗೆ ಏನೆಂದು ಸಮಜಾಯಿಷಿ ಕೊಡಲಿ ಎಂದು ವಾದಗಳನ್ನು ಹೊಸೆಯುತ್ತ, ಮಧ್ಯಾಹ್ನದ ಬಸ್ಸಿಗೆ ಮರಳಿದೆ.

ಬಂದು ನೋಡಿದರೆ ಅವ್ವ ಆ ತಂಪು ಮೂಲೆಯಲ್ಲಿ ಕುಳಿತಿದ್ದಾಳೆ. ಭರಣಿಗೆ ಸುತ್ತಿದ ಬಟ್ಟೆ ಆಗಷ್ಟೇ ತೋಯಿಸಿದ್ದು. ಒಂದು ಕೈಯಲ್ಲಿ ಸಾಹೇಬರ ಮನೆಯ ಎಲೆ, ಇನ್ನೊಂದರಲ್ಲಿ ಕಸಬರಿಗೆಯ ಕಡ್ಡಿ, ಕಡ್ಡಿಯ ತುದಿಯಲ್ಲಿ ಮಾಂಸದ ಚೂರು. ಮುಖ ಒಂದಿಷ್ಟು ಕಿವುಚಿಕೊಂಡಿತ್ತು.

"ಏನ್ ಮಾಡಾಕತ್ತೀ ಅವ್ವಾ?" ಎಂದೆ.

"ಕಾಣೂದಿಲ್ಲೇನು? ಉಣಸಾಕತ್ತೇನಿ. ಹಸದು ಮುಚಗೊಂಡು ಕುಂತಿತ್ತು. ನಾಳೆ ಸೊಸಿ ಬಂದು ಕೇಳಿದರ ನಾ ಏನ್ ಹೇಳ್ಲಿ?"

ಉಣಿಸಿ ಮುಗಿಸಿ ಸ್ನಾನಕ್ಕೆ ಎದ್ದಳು. ಅಂದಿನಿಂದ ಉಣಿಸಿದಾಗಲೆಲ್ಲ ಸ್ನಾನ. ಆ ನೀರನ್ನು ಸೇದುವವನು ನಾನು. ಒಂದು ಗುಂಡಿಯಷ್ಟಿರುವ ಜೀವ ಒಬ್ಬ ವಕೀಲನ ರಟ್ಟೆಯನ್ನು ಎಷ್ಟು ಸೋಲಿಸಬಲ್ಲುದು ಎಂಬುದಕ್ಕೆ ನಾನೇ ಸಾಕ್ಷಿ.

ಗಿರಿಜೆಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನ ಮುಗಿದು ಅವರನ್ನು ಕರೆತರಲು ಹೊರಟಾಗ, ಎಂದೂ ಊರು ಬಿಟ್ಟು ಹೋಗದ ಅವ್ವ ತಾನೂ ಬರುತ್ತೇನೆಂದಳು. ಬರಿಗೈಯಲ್ಲಲ್ಲ, ಭರಣಿಯೂ ಬರಬೇಕು. ಇನ್ನೊಂದು ಬೇಸಿಗೆಯನ್ನು ಅದು ತಾಳಲಾರದು, ಅದರ ಮನೆಗೇ ಬಿಟ್ಟುಬರೋಣ ಎಂಬುದು ಅವಳ ನಿರ್ಧಾರ. ಹೊತ್ತವನು ನಾನು. ಇಂಡಿ ರೋಡ್ ಸ್ಟೇಷನ್ನಿನಿಂದ ರೈಲು, ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಬಸ್ಸು. ತಿರುವಿಗೊಮ್ಮೆ ಸಮುದ್ರ ನನ್ನ ತೊಡೆಯ ಮೇಲೆ ತುಳುಕುತ್ತಿತ್ತು. ಸಹಪ್ರಯಾಣಿಕರು ನನ್ನ ಧೋತರವನ್ನು ನೋಡಿ ಏನೆಂದುಕೊಂಡರೋ, ನಾನು ವಿಚಾರಿಸಲಿಲ್ಲ.

ಕಾರವಾರ ತಲುಪಿದ ಮರುದಿನ, ಕಡಲು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಎಲ್ಲರೂ ದಂಡೆಗೆ ಹೋದೆವು. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಗಿರಿಜೆ ಆ ಕಲ್ಲನ್ನು ಮೆಲ್ಲಗೆ ಇಳಿಸಿದಳು. ಸ್ವಲ್ಪ ಹೊತ್ತಿಗೆ ಅದು ತೆರೆಯಿತು. ನಮ್ಮ ಮನೆಯಲ್ಲಿ ಎಂದೂ ತೆರೆಯದಷ್ಟು ಅಗಲವಾಗಿ ತೆರೆಯಿತು. ನಾನು ಅವಮಾನಿತನಾಗಿ, ಇಷ್ಟು ದಿನ ನಮ್ಮನ್ನು ಆಡಿಸಿತಲ್ಲ ಎಂದು ಅವ್ವನಿಗೆ ತೋರಿಸಹೋದೆ. ಅವಳು ಅದನ್ನು ನೋಡುತ್ತಲೇ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ಕಂಡವಳು, ಅದರ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ, ಒದ್ದೆ ಮಳಲಿನ ಮೇಲೆ ಹಾಗೇ ಕುಳಿತುಬಿಟ್ಟಳು. ಆಮೇಲೆ ತಿರುಗಿ ಸೊಸೆಯ ಮುಖ ನೋಡಿದಳು.

"ಇಷ್ಟ ದೊಡ್ಡ ಮನಿ ಬಿಟ್ಟು ನಮ್ಮಲ್ಲಿಗೆ ಬಂದಿಯಲ್ಲವ್ವಾ," ಎಂದಳು. "ಹ್ಯಾಂಗದೀ ಅಂತ ನಾ ಒಮ್ಮಿನೂ ಕೇಳಲಿಲ್ಲ."

ಗಿರಿಜೆ ಕೂಸನ್ನು ನನ್ನ ಕೈಗೆ ಕೊಟ್ಟು ಅತ್ತೆಯ ಮಗ್ಗುಲಿಗೆ ಹೋಗಿ, ಅವಳ ಹೆಗಲಿಗೆ ಒರಗಿ ಕುಳಿತಳು. ಒಂದು ಕಂಕುಳಲ್ಲಿ ಬರಿದಾದ ಭರಣಿ, ಇನ್ನೊಂದರಲ್ಲಿ ಅಳುವ ಮಗಳು. ನಾನು ಮೊಳಕಾಲುದ್ದ ನೀರಿನಲ್ಲಿ ನಿಂತೇ ಇದ್ದೆ. ಬಹಳ ಹೊತ್ತಿನವರೆಗೆ ಅವರಿಬ್ಬರೂ ನನ್ನತ್ತ ತಿರುಗಿಯೂ ನೋಡಲಿಲ್ಲ.